ಜೊತೆಗೆ ಬಂದವರು

“ತಲೆ ಆ ಕಡೆ ಕಣ್ರಲಾ, ದಕ್ಷಿಣಕ್ಕೆ! ತಿರುಗ್ಸಿ, ತಿರುಗ್ಸಿ!”

ವ್ಯಾನಿನ ಹಿಂಬಾಗಿಲಿನಿಂದ ಡಾಕ್ಟರ್ ವೆಂಕಟರಮಣಪ್ಪನವರನ್ನು ಅರ್ಧ ಇಳಿಸಿಕೊಂಡಿದ್ದ ನಾಲ್ವರು, ಯಾರ ಭುಜ ಮೊದಲು ತಿರುಗಬೇಕೆಂದು ತಿಳಿಯದೆ ಅಲ್ಲೇ ನಿಂತರು. ಕೂಗಿದವರು ಡಾಕ್ಟರ ಅಣ್ಣ ಚನ್ನರಾಯಪ್ಪ. ಎಂಬತ್ತು ದಾಟಿದ್ದರೂ ಹೋಳೂರಿನ ಆ ಬೀದಿಯಲ್ಲಿ ಅವರ ದನಿಗೆ ಮನುಷ್ಯರೂ ದನಗಳೂ ಒಟ್ಟಿಗೆ ದಾರಿ ಬಿಡುತ್ತಿದ್ದವು. ಜಗಲಿಯ ಮೇಲೆ ಚಾಪೆ ಹಾಸಿತ್ತು. ನಾಲ್ವರೂ ಹೇಗೋ ತಿರುಗಿ, ಹುಟ್ಟಿದ ಮನೆಯ ಜಗಲಿಯ ಮೇಲೆ ಡಾಕ್ಟರನ್ನು ಮಲಗಿಸಿದರು.

ಡಾಕ್ಟರ ಹೆಂಡತಿ ಶಾಮಲಮ್ಮ ವ್ಯಾನಿನಿಂದ ಕೊನೆಗೆ ಇಳಿದರು. ಮಾಲೂರಿನಿಂದ ನೇರವಾಗಿ ಬಂದು ಕಾಯುತ್ತಿದ್ದ ಮಗಳು ಚಂದನ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಅತ್ತು ಸ್ವಲ್ಪ ಹಗುರಾದ ಮೇಲೆ ಅವಳ ಕಣ್ಣು ತಾಯಿಯ ಕೈಗೆ ಹೋಯಿತು.

“ಅಮ್ಮಾ, ನಿನ್ನ ಸೀರೆ ಬ್ಯಾಗ್ ಎಲ್ಲಿ? ಇದು ಅಪ್ಪನ ಲ್ಯಾಪ್‌ಟಾಪು. ಇದ್ಯಾಕೆ ತಂದೆ?”

ಶಾಮಲಮ್ಮ ತಮ್ಮ ಕೈಯನ್ನೇ ಹೊಸದಾಗಿ ಕಂಡವರಂತೆ ನೋಡಿಕೊಂಡರು. ಶ್ರೀನಿವಾಸಪುರದ ಮನೆಗೆ ಬೀಗ ಹಾಕುವ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ತಂದಿದ್ದರು.

“ಇವತ್ತು ಕಡೇ ದಿನ ಕಣೇ,” ಎಂದರು.

ಪಕ್ಕದಲ್ಲಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು, “ಹೌದಮ್ಮಾ, ಕಡೇ ದಿನಾನೇ” ಎಂದು ಬಿಕ್ಕಿದರು. ಶಾಮಲಮ್ಮ ತಿದ್ದಲು ಹೋಗಲಿಲ್ಲ. ಅವರು ಹೇಳಿದ್ದು ವೈದ್ಯರ ಸಮ್ಮೇಳನದ ಮಾತು. ಅಲ್ಲಿ ಮಂಡಿಸಲು ಡಾಕ್ಟರು ಒಂದು ಸಾರಲೇಖ ಬರೆದಿದ್ದರು. ಮಾಡಿದ ಕೆಲಸವನ್ನೆಲ್ಲ ಒಂದು ಪುಟದೊಳಗೆ ಹೇಳುವ ಬರಹ. ಅದನ್ನು ಇವತ್ತು ಸಂಜೆ ಐದರೊಳಗೆ ಕಳಿಸಬೇಕಿತ್ತು. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ನಾಲ್ಕು ಭಾಗಗಳಲ್ಲಿ ಮೂರು ಮುಗಿದಿದ್ದವು. ತೀರ್ಮಾನದ ಜಾಗ ಖಾಲಿ ಇತ್ತು.

ನಿನ್ನೆ ಸಂಜೆ ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, “ಉಸಿರು ಎಳ್ಕೋಮ್ಮಾ” ಎಂದವರು ಹಾಗೇ ಮೇಜಿನ ಮೇಲೆ ತಲೆಯಿಟ್ಟಿದ್ದರು. “ಬಿಡು” ಎನ್ನುತ್ತಾರೆಂದು ಆ ಹೆಂಗಸು ಉಸಿರು ಹಿಡಿದುಕೊಂಡೇ ಕಾದಿದ್ದಳಂತೆ.

* * *

ಮೇಘನ ಮೊದಲ ಸಲ ಶ್ರೀನಿವಾಸಪುರದ ಕ್ಲಿನಿಕ್ಕಿಗೆ ಬಂದದ್ದು ಮಾವಿನ ಕಾಲದಲ್ಲಿ. ರಸ್ತೆಯ ತುಂಬ ಹಣ್ಣಿನ ಲಾರಿ, ಗಾಳಿಯ ತುಂಬ ಹುಳಿಸಿಹಿ ವಾಸನೆ. ಎಂ.ಬಿ.ಬಿ.ಎಸ್. ಮುಗಿಸಿ ಕೋಲಾರದಲ್ಲಿ ಮುಂದಿನ ಓದು ಓದುತ್ತಿದ್ದ ಹುಡುಗಿ. ಕ್ಷಯರೋಗದ ಸಮೀಕ್ಷೆಗೆಂದು ಹಳೆಯ ಡಾಕ್ಟರುಗಳನ್ನು ಹುಡುಕಿಕೊಂಡು ಹೊರಟಿದ್ದಳು. ಡಾಕ್ಟರು ಅವಳ ಪ್ರಶ್ನೆಗಳ ಹಾಳೆಯನ್ನು ಎರಡು ಸಲ ಓದಿ ವಾಪಸು ಕೊಟ್ಟರು.

“ಇಷ್ಟೆಲ್ಲ ನನ್ನ ಹತ್ರ ಇಲ್ಲಮ್ಮ. ನನ್ನ ಹತ್ರ ಇರೋದು ಇದೇ.”

ಕ್ಲಿನಿಕ್ಕಿನ ಹಿಂದಿನ ಮನೆಯೊಳಗೆ ಕರೆದೊಯ್ದು, ಮಂಚದ ಕೆಳಗಿನಿಂದ ಹಳೆಯ ಚಪ್ಪಲಿ ಡಬ್ಬಿಗಳನ್ನು ಎಳೆದರು. ಅವುಗಳಲ್ಲಿ ಚೀಟಿಗಳು. ಸರ್ಕಾರಿ ನೌಕರಿಯಲ್ಲಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ವರ್ಗವಾದಾಗಲೆಲ್ಲ ಅವರ ಜೊತೆ ವರ್ಗವಾಗಿದ್ದವು. ಕ್ಷಯದ ಒಬ್ಬೊಬ್ಬ ರೋಗಿಗೆ ಒಂದೊಂದು ಚೀಟಿ. ಹೆಸರು, ತೂಕ, ಆರು ತಿಂಗಳ ಮಾತ್ರೆಯನ್ನು ಯಾವಾಗ ಬಂದು ತೆಗೆದುಕೊಂಡು ಹೋದರು ಎಂಬುದು. ಅಡಿಯಲ್ಲಿ ‘ಜೊತೆ’ ಎಂದು ಬರೆದು ಒಂದು ಗೆರೆ.

ಮೇಘನ ನೆಲದ ಮೇಲೆ ಕೂತು ಓದತೊಡಗಿದಳು. ಜೊತೆ: ಹೆಂಡತಿ. ಜೊತೆ: ಮಗ. ಜೊತೆ: ಅತ್ತೆ. ಜೊತೆ: ಅಕ್ಕಯಮ್ಮ, ಕ್ಯಾಲನೂರು. ಜೊತೆ: ಟೀ ಅಂಗಡಿ ಪಿಳ್ಳಪ್ಪ, ಶಿವಾರಪಟ್ಟಣ.

“ಇದನ್ನ ಯಾಕೆ ಸರ್ ಬರ್ಕೊಂಡ್ರಿ?”

“ನಾಚಿಕೆ ಆಗಿ,” ಎಂದರು ಡಾಕ್ಟರು. “ಮಾಲೂರಲ್ಲಿ ಆಗಿನ್ನೂ ಹೊಸಬ. ಒಬ್ಬ ಪೇಷಂಟಿನ ಜೊತೆ ಬಂದವರಿಗೆ ಮಾತ್ರೆ ಹೆಂಗೆ ಕೊಡ್ಬೇಕು ಅಂತ ಉದ್ದಕ್ಕೆ ಹೇಳಿ ಕಳಿಸ್ದೆ. ಮುಂದಿನ ವಾರ ಬಂದಾಗ ನನಗೆ ಅವರ ಗುರುತೇ ಸಿಗಲಿಲ್ಲ. ಮತ್ತೆ ಮೊದಲಿಂದ ಅದನ್ನೇ ಹೇಳ್ದೆ. ಪಾಪ, ಎರಡನೇ ಸಲಾನೂ ತಲೆಯಾಡಿಸ್ಕೊಂಡು ಕೇಳಿದ್ರು. ಹೊರಗೆ ಹೋದ್ಮೇಲೆ ಕಾಂಪೌಂಡರ್ ಹೇಳ್ದ. ಅವತ್ತಿಂದ ಬರ್ಕೋತೀನಿ.”

ಅವಳು ಊಟದ ಹೊತ್ತಿಗೂ ಏಳಲಿಲ್ಲ. ಶಾಮಲಮ್ಮ ಮುದ್ದೆ, ಸೊಪ್ಪಿನ ಸಾರು ತಂದು ಪಕ್ಕದಲ್ಲಿಟ್ಟು ಬಂದರು. ಮುದ್ದೆ ಆರಿ ಕಲ್ಲಾಯಿತು. ಚೀಟಿಗಳು ನೆಲದ ತುಂಬ ಗುಡ್ಡೆಗುಡ್ಡೆಯಾಗಿ ಹರಡಿದವು. ಹೊತ್ತು ಇಳಿಯುವಾಗ ಒಳಗಿನಿಂದ ಅವಳ ದನಿ ಬಂತು. ಆ ದನಿಯಲ್ಲಿ ಏನೋ ಇತ್ತು. ಕಾಫಿ ಸೋಸುತ್ತಿದ್ದ ಶಾಮಲಮ್ಮನೂ ಅದನ್ನು ಬಿಟ್ಟು ಬಂದರು.

“ಸರ್, ಇಲ್ಲಿ ನೋಡಿ. ಹೆಂಡತಿ, ಮಕ್ಕಳು ಜೊತೆ ಬಂದ ಎಷ್ಟೋ ಜನ ಮಧ್ಯದಲ್ಲೇ ಬಿಟ್ಟಿದ್ದಾರೆ. ಇವರು ನೋಡಿ, ಸಂಬಂಧವೇ ಇಲ್ಲದವರ ಜೊತೆ ಬಂದವರು. ಬೀದಿಯವರು, ಬಸ್ಸಲ್ಲಿ ಸಿಕ್ಕಿದವರು. ಇವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಆರು ತಿಂಗಳೂ ಪೂರೈಸಿದ್ದಾರೆ.”

ಡಾಕ್ಟರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ತಪ್ಪಿರ್ಬೇಕು. ಇನ್ನೊಂದ್ಸಲ ಎಣಿಸು.”

ಎಣಿಸಿದಳು. ತಪ್ಪಿರಲಿಲ್ಲ. ಆಮೇಲೆ ಮೂವರಲ್ಲಿ ಯಾರೂ ಆ ಚೀಟಿಗಳನ್ನು ದಾಟಿ ಹೋಗಲಿಲ್ಲ. ಗೋಡೆಯ ಬದಿಯಿಂದ ಸುತ್ತಿಕೊಂಡು ಹೋದರು.

* * *

ಹನ್ನೆರಡು ಗಂಟೆಯ ಬಸ್ಸಿಗೆ ಮೇಘನ ಹೋಳೂರಿಗೆ ಬಂದಳು. ಡಾಕ್ಟರ ಕಾಲು ಮುಟ್ಟಿ, ಎದ್ದು, ಶಾಮಲಮ್ಮನ ಪಕ್ಕ ಕೂತಳು. ಅವಳ ಕಣ್ಣೂ ಮೊದಲು ಹೋದದ್ದು ಆ ಬ್ಯಾಗಿಗೆ.

“ಅಮ್ಮಾ, ಅದರ ಯೋಚನೆ ಬಿಡಿ. ನಾನು ಕಳಿಸಲ್ಲ.”

“ಯಾಕಮ್ಮ?”

“ನಾನು ಬರೆದ ತೀರ್ಮಾನ ಸರ್ ಒಪ್ಪಿರಲಿಲ್ಲ. ಅವರು ಒಪ್ಪದ ಸಾಲನ್ನ ಅವರ ಹೆಸರಲ್ಲಿ ಹೆಂಗೆ ಕಳಿಸ್ಲಿ? ಖಾಲಿ ಬಿಟ್ರೆ ಸಮ್ಮೇಳನದವರು ತಗೊಳ್ಳಲ್ಲ.”

ಶಾಮಲಮ್ಮ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು. “ನಲವತ್ತೆಂಟು ವರ್ಷ ಅವರ ಜೊತೆ ಬಾಳಿದೀನಿ ಮೇಘನ. ಒಂದು ದಿನ ನನಗಿದು ಬೇಕು ಅಂದವರಲ್ಲ. ಮಾಡಿಟ್ಟಿದ್ದು ಉಣ್ತಿದ್ರು, ಕೊಟ್ಟಿದ್ದು ಉಡ್ತಿದ್ರು. ಇದೊಂದು ಬೇಕಿತ್ತು ಅವರಿಗೆ. ಶಾಲೆಗೆ ಸೇರೋ ಮಗು ಥರ ಆಗಿದ್ರು.”

ಚನ್ನರಾಯಪ್ಪ ಕಂಬಕ್ಕೆ ಒರಗಿ ಇದನ್ನು ಕೇಳಿಸಿಕೊಂಡಿದ್ದರು.

“ಏನಮ್ಮಾ ಅದು? ಸೂತಕದ ಮನೇಲಿ ಓದು ಬರಹ ಮುಟ್ಟಬಾರ್ದು. ಲೇ ಚಂದನಾ, ನಿಮ್ಮಮ್ಮನ ಕೈಯಿಂದ ಅದನ್ನ ಇಸ್ಕೊಂಡು ಒಳಗಿಡು. ಹೆಣದ ಮುಂದೆ ಕಂಪ್ಯೂಟರು ಇಟ್ಕೊಂಡು ಕೂತವರ್ನ ನಾನು ಎಲ್ಲೂ ನೋಡಿಲ್ಲಪ್ಪಾ!”

ಚಂದನ ತಾಯಿಯ ಮುಖ ನೋಡಿದಳು, ಕೈ ಚಾಚಲಿಲ್ಲ.

ಹೊಲದಿಂದ ಒಬ್ಬ ಬಂದು ಗುಂಡಿಯಲ್ಲಿ ಬಂಡೆ ಸಿಕ್ಕಿದೆಯೆಂದ. ಪಕ್ಕಕ್ಕೆ ಹೊಸದಾಗಿ ತೆಗೆಯಬೇಕು, ತಡವಾಗುತ್ತದೆ. “ಇದ್ದಾಗ ಯಾರಿಗೂ ಅಡ್ಡ ಬಂದವನಲ್ಲ, ಇವನಿಗೆ ಮಾತ್ರ ಬಂಡೆ ಅಡ್ಡ ಬಂತಲ್ಲಪ್ಪಾ” ಎಂದು ಚನ್ನರಾಯಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಹೊಲದ ಕಡೆ ನಡೆದರು. ಬೆಳಗಿನಿಂದ ಅವರು ಕಣ್ಣಿಗೆ ಟವೆಲು ಹಚ್ಚಿದ್ದು ಅದೇ ಮೊದಲು.

ಮಣ್ಣಿಗೆ ಬರುವವರು ಬರುತ್ತಲೇ ಇದ್ದರು. ಶಾಮಲಮ್ಮನಿಗೆ ಮೊದಲು ಆಶ್ಚರ್ಯವಾದದ್ದು ಅಷ್ಟು ಜನ ಬಂದದ್ದಕ್ಕೆ. ಅವರ ಗಂಡ ಹೆಸರುವಾಸಿ ಡಾಕ್ಟರಲ್ಲ. ದೊಡ್ಡ ಕಾಯಿಲೆ ಕಂಡರೆ ಕೋಲಾರಕ್ಕೆ ಬರೆದುಕೊಡುತ್ತಿದ್ದವರು. ಕ್ಲಿನಿಕ್ಕಿಗೆ ಬೋರ್ಡು ಕೂಡ ನೆಟ್ಟಗಿರಲಿಲ್ಲ. ಎರಡನೆಯದಾಗಿ ಅವರು ಗಮನಿಸಿದ್ದು, ಬಂದವರೆಲ್ಲ ಇಬ್ಬಿಬ್ಬರಾಗಿ ಬರುತ್ತಿದ್ದುದನ್ನು. ಮೊದಲು ಗಂಡಹೆಂಡಿರಿರಬೇಕು ಅಂದುಕೊಂಡರು. ಆಮೇಲೆ ನೋಡಿದರೆ, ಉಗುರಿನ ಸಂದಿಯಲ್ಲಿ ಕಲ್ಲಿನ ಬಿಳಿ ಪುಡಿ ಕೂತಿದ್ದ ಒಬ್ಬ ಶಿಲ್ಪಿಯ ಪಕ್ಕ ಹೊಗೆಗೆ ಕಣ್ಣು ಕೆಂಪಾದ ಟೀ ಅಂಗಡಿಯವನು. ಮುಳಬಾಗಿಲಿನಿಂದ ಬಂದ ಬುರ್ಖಾದ ಮುದುಕಿಯ ಪಕ್ಕ ಹೂ ಕಟ್ಟುವ ಹೆಂಗಸು. ಒಬ್ಬಳ ಚಪ್ಪಲಿ ಇನ್ನೊಬ್ಬಳು ಬಾಗಿ ಜೋಡಿಸಿಟ್ಟಳು. ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಕೇಳದೆಯೇ ನೀರಿಗೆ ಕೈ ಚಾಚುತ್ತಿದ್ದರು.

“ಮೇಘನ,” ಎಂದು ಶಾಮಲಮ್ಮ ಪಿಸುಗುಟ್ಟಿದರು, “ಅಲ್ಲಿ ನೋಡೇ. ಅವರೇ ಅಲ್ವೇನೇ?”

ಮೇಘನ ತಲೆಯೆತ್ತಿದಳು. ತಿಂಗಳುಗಟ್ಟಲೆ ಅಂಕಿಗಳಾಗಿ ಮಾತ್ರ ಕಂಡವರು ಅಂಗಳದ ಹೊಂಗೆ ಮರದ ಕೆಳಗೆ ಚಪ್ಪಲಿ ಬಿಡುತ್ತಿದ್ದರು. ಎಷ್ಟೋ ಹೊತ್ತು ಹಾಗೇ ನೋಡುತ್ತ ಕೂತಳು.

* * *

ಸಾರಲೇಖ ಇನ್ನೂರೈವತ್ತು ಪದ ಮೀರಬಾರದು ಎಂದು ಕೇಳಿದ ದಿನ ಡಾಕ್ಟರು ನಕ್ಕಿದ್ದರು. “ರಜಾ ಅರ್ಜಿಗೇ ಅದಕ್ಕಿಂತ ಜಾಸ್ತಿ ಬೇಕು!”

ಸರ್ಕಾರಿ ಕಾಗದ ಬರೆದು ಬರೆದು ಪಳಗಿದ ಕೈ. ಇಂಗ್ಲಿಷಿನಲ್ಲಿ ಅವರು ಬರೆದ ಮೊದಲ ಪ್ರತಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ ಎಂದು ಶುರುವಾಗಿ, ತಮ್ಮ ವಿಧೇಯ ಎಂದು ಮುಗಿದಿತ್ತು. ನಡುವೆ ಜೊತೆಗೆ ಬಂದವರ ಹೆಸರುಗಳೆಲ್ಲ ಊರಿನ ಸಮೇತ ಇದ್ದವು. ಮೇಘನ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಕೋಲಾರದ ಕಾಲೇಜಿನಲ್ಲಿ ಬಿ.ಎ. ಓದಿದ್ದ ಶಾಮಲಮ್ಮ ಪೆನ್ಸಿಲು ಹಿಡಿದು ಪಕ್ಕದಲ್ಲಿ ಕೂತರು. ಸೊಪ್ಪು ಬಿಡಿಸಿದ ಹಾಗೆ ದಂಟು ತೆಗೆದು ಎಲೆ ಉಳಿಸಿದರು. ಸಂಜೆಸಂಜೆ ಅದೇ ಕೆಲಸ.

“ಹೆಸರು ಹಾಕೋ ಹಾಗಿಲ್ಲ ಸರ್. ನಿಯಮ. ಹೆಂಡತಿ ಅಥವಾ ಗಂಡ, ಮಕ್ಕಳು, ಇತರೆ ಸಂಬಂಧಿಕರು, ಇತರರು ಅಂತ ಗುಂಪು ಮಾಡೋಣ.”

“ಇತರರು!” ಡಾಕ್ಟರ ಮುಖ ಹುಳ್ಳಗಾಯಿತು. “ಆ ಅಕ್ಕಯಮ್ಮ ಒಬ್ಬ ಮನುಷ್ಯನ್ನ ಬದುಕಿಸಿದಾಳೆ ಕಣಮ್ಮ. ಅವಳು ಇತರರಾ?”

“ಬೇರೆ ಪದ ಇಲ್ಲ ಸರ್.”

“ಇಲ್ಲ ಅಲ್ವಾ,” ಎಂದು ಆ ಪದ ಬರೆದರು.

“ಇನ್ನೊಂದು. ‘ನಾನು ಬರೆದುಕೊಂಡೆ’ ಅಂತ ಇದೆ. ‘ದಾಖಲಿಸಲಾಯಿತು’ ಅನ್ಬೇಕು. ವಿಜ್ಞಾನದ ಬರಹದಲ್ಲಿ ನಾನು ಅನ್ನೋದು ಬರಬಾರ್ದು.”

ಇದು ಅವರಿಗೆ ಹಿಡಿಸಿತು. “ಒಳ್ಳೇದೇ ಆಯ್ತು. ಅವರವರು ಬಂದ್ರು, ಅವರವರು ವಾಸಿಯಾದ್ರು. ನಾನ್ಯಾಕೆ ಮಧ್ಯದಲ್ಲಿ?” ಎಂದು ತಾವೇ ಆ ಪದವನ್ನು ಹುಡುಕಿ ಹುಡುಕಿ ಅಳಿಸಿದರು.

ನಿಂತದ್ದು ತೀರ್ಮಾನದಲ್ಲಿ. ಪ್ರತಿಯೊಬ್ಬ ರೋಗಿಗೂ ಸಂಬಂಧಿಕರಲ್ಲದ ಒಬ್ಬರನ್ನು ನೇಮಿಸಬೇಕು ಎಂದು ಮೇಘನ ಬರೆದಳು. ಡಾಕ್ಟರು ತಲೆಯಲ್ಲಾಡಿಸಿದರು.

“ನೇಮಿಸಿದ್ರೆ ಬರ್ತಾರೇನಮ್ಮ? ಇವರು ಯಾಕೆ ಬಂದ್ರು ಅಂತಾನೇ ನಮಗೆ ಗೊತ್ತಿಲ್ಲ.”

“ಹಂಗಾದ್ರೆ ಕೇಳೋಣ ಸರ್. ಎಷ್ಟೋ ಜನ ಇಲ್ಲೇ ಸುತ್ತಮುತ್ತ ಇದ್ದಾರೆ.”

“ಛೆ ಛೆ. ಒಳ್ಳೇದು ಮಾಡಿದವರ್ನ ಹಿಡಿದು ನಿಲ್ಲಿಸಿ, ಯಾಕೆ ಮಾಡಿದ್ರಿ ಅಂತ ಕೇಳ್ತಾರಾ?” ಎಂದರು. ಹಾಳೆ ಮಡಿಸುತ್ತ, ತಮಗೆ ತಾವೇ ಹೇಳಿಕೊಳ್ಳುವಂತೆ, “ಆದ್ರೂ ಯಾಕೆ ಬಂದ್ರು ಅಂತೀನಿ” ಎಂದರು. ಆಮೇಲಿನ ದಿನಗಳಲ್ಲಿ ಊಟದ ನಡುವೆ, ಹಲ್ಲುಜ್ಜುವಾಗ, ದಿಂಬಿಗೆ ತಲೆಯಿಟ್ಟ ಮೇಲೆ ಶಾಮಲಮ್ಮ ಆ ಮಾತನ್ನು ಎಷ್ಟು ಸಲ ಕೇಳಿದರೋ.

* * *

ಹೊಲದಲ್ಲಿ ಗುಂಡಿ ಮುಗಿದಾಗ ನಾಲ್ಕು ಹೊಡೆದಿತ್ತು. ತಮಟೆ ನಿಂತಿತು. ಹಿಪ್ಪುನೇರಳೆ ಸಾಲಿನ ಪಕ್ಕ, ಅಪ್ಪ ಅಮ್ಮನ ಗುಡ್ಡೆಗಳ ಬದಿಯಲ್ಲಿ ಡಾಕ್ಟರನ್ನು ಇಳಿಸಿದರು. ಶಾಮಲಮ್ಮ ಮೊದಲು ಮಣ್ಣು ಹಾಕಿದರು. ಆಮೇಲೆ ಸಾಲು. ಅಲ್ಲೂ ಇಬ್ಬಿಬ್ಬರು. ಒಬ್ಬರು ಬಾಗಲು ಇನ್ನೊಬ್ಬರು ರಟ್ಟೆ ಹಿಡಿದುಕೊಳ್ಳುತ್ತಿದ್ದರು.

ಬದುವಿನ ಮೇಲೆ ಕೂತಿದ್ದ ಶಾಮಲಮ್ಮನ ಎದುರು ಒಬ್ಬ ಗಟ್ಟಿ ಮುದುಕಿ ಬಂದು ಕುಕ್ಕರಿಸಿದಳು. ಹಿಂದೆ ಕಿವಿ ಮಂದವಾದ ಒಬ್ಬ ಸಣಕಲು ಮುದುಕ.

“ಏಮ್ಮಾ, ನನ್ನ ಗುರ್ತು ಸಿಗಲಿಲ್ವಾ? ಅಕ್ಕಯಮ್ಮ. ಕ್ಯಾಲನೂರು. ಇವನು ಮುನಿಶಾಮಿ.”

“ಅಕ್ಕಯಮ್ಮ!” ಮೇಘನ ಎದ್ದು ನಿಂತಳು. ಆ ಚೀಟಿಯ ಅಕ್ಷರ ಅವಳಿಗೆ ಬಾಯಿಪಾಠವಾಗಿತ್ತು.

“ಯಾರಂತೆ?” ಎಂದ ಮುನಿಶಾಮಿ.

“ಡಾಕ್ಟ್ರಮ್ಮ ಕಣೋ, ಸುಮ್ಕೆ ಕೂತ್ಕೋ! ಕಿವುಡನ ಜೊತೆ ಬಸ್ಸಲ್ಲಿ ಬರೋದು ಅಂದ್ರೆ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದಂಗೆ.”

ಶಾಮಲಮ್ಮನಿಗೆ ಗಂಡ ಕೇಳಲಾರದೆ ಉಳಿಸಿಕೊಂಡ ಪ್ರಶ್ನೆ ನೆನಪಾಯಿತು. ಐದಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ನಾಚಿಕೆಯನ್ನು ನುಂಗಿಕೊಂಡು ಕೇಳಿದರು.

“ಅಕ್ಕಯಮ್ಮ, ತಪ್ಪು ತಿಳ್ಕೋಬೇಡ. ಇವರು ನಿನಗೆ ಏನಾಗಬೇಕು? ಆರು ತಿಂಗಳು ಇವರ ಜೊತೆ ಯಾಕೆ ಬಂದೆ?”

“ನನಗೇನಾಗ್ಬೇಕು! ನನ್ನ ತಲೆನೋವು ಇವನು,” ಅಕ್ಕಯಮ್ಮ ನಕ್ಕಳು. “ಶ್ರೀನಿವಾಸಪುರದ ಬಸ್ಸಲ್ಲಿ ಕೆಮ್ಮುತಾ ಕೂತಿದ್ದ. ಎಲ್ರೂ ಎದ್ದು ಆ ಕಡೆ ಹೋದ್ರು. ನನಗೆ ಕಾಲುನೋವು, ಇವನ ಪಕ್ಕದ ಸೀಟು ಖಾಲಿ ಇತ್ತು. ಕೂತೆ. ಆಸ್ಪತ್ರೆ ಹತ್ರ ಇಳಿಯೋವಾಗ ಬಿದ್ದ. ಎತ್ತಿ ಒಳಗೆ ಬಿಟ್ಟು ಹೋಗ್ಬಿಡ್ತೀನಿ ಅಂತ ಹೋದೆ. ದೇವುಡಾ, ಅಲ್ಲಿ ಸಿಗಾಕ್ಕೊಂಡೆ.”

“ಹೆಂಗೆ?”

“ನಿಮ್ಮ ಯಜಮಾನ್ರು ಇವನ್ನ ನೋಡಿದ್ರು. ಆಮೇಲೆ ನನ್ನ ನೋಡಿ, ‘ನೀವು ಇವರಿಗೆ ಏನಾಗ್ಬೇಕು?’ ಅಂದ್ರು. ಏನೂ ಆಗಲ್ಲ ಸಾಮಿ ಅಂದೆ. ‘ಹಂಗಾದ್ರೆ ನಿಮ್ಮ ಹೆಸ್ರೇನು, ಯಾವೂರು?’ ಅಂತ ಕೇಳಿ, ಪೆನ್ನು ತೆಗ್ದು ನನ್ನ ಎದುರಿಗೇ ಬರ್ಕೊಂಡ್ರು. ‘ಬರೋ ಮಂಗಳವಾರ ಬರ್ತೀರಲ್ಲ ಅಕ್ಕಯಮ್ಮನವರೇ’ ಅಂದ್ರು. ನನ್ನ ಗಂಡ ಬದುಕಿರೋ ತನಕ ನನ್ನ ‘ಏಯ್’ ಅಂತ ಕರ್ದವನು. ಅಷ್ಟು ದೊಡ್ಡ ಡಾಕ್ಟ್ರು ಹೆಸ್ರು ಬರ್ಕೊಂಡ ಮೇಲೆ ಬಿಡಕ್ಕಾಗ್ತದಾ ತಾಯಿ? ಮಂಗಳವಾರ ಬಂತು ಅಂದ್ರೆ ಇವನ ಮನೆ ಮುಂದೆ ನಿಂತ್ಕೋತಿದ್ದೆ.”

“ಇವರಿಗೆ ಮಕ್ಕಳಿರಲಿಲ್ವಾ?” ಎಂದಳು ಮೇಘನ.

“ಇದಾರಲ್ಲ ಇಬ್ಬರು ಬಂಗಾರದಂಥವರು! ಮಧ್ಯದಲ್ಲಿ ದೊಡ್ಡವನು ಒಂದ್ಸಲ ಬಂದಿದ್ದ. ಡಾಕ್ಟ್ರು ಯಾರಪ್ಪ ಅಂದ್ರು, ಮಗ ಅಂದ. ‘ಮಗ’ ಅಂತ ಬರ್ಕೊಂಡ್ರು. ಅಷ್ಟೇ. ಅವನ ಹೆಸ್ರು ಕೇಳಲಿಲ್ಲ. ಮಗ ಅಂದ್ರೆ ಅವನಾದ್ರೂ ಆಗ್ಬೋದು, ಅವನ ತಮ್ಮನಾದ್ರೂ ಆಗ್ಬೋದು. ಅವನು ಮತ್ತೆ ಬರಲಿಲ್ಲ. ನಾನು ಅಂದ್ರೆ ನಾನೇ ಅಲ್ವಾ, ಇನ್ಯಾರು ಬರ್ತಾರೆ?”

ಮೇಘನ ಮಣ್ಣು ಹಾಕಿ ನಿಂತವರ ಕಡೆ ನಡೆದಳು. ಟೀ ಅಂಗಡಿ ಪಿಳ್ಳಪ್ಪನನ್ನು ಏನೋ ಕೇಳಿದಳು. ಅವನು ಅಂಗೈಯನ್ನು ಚೀಟಿಯಂತೆ ಹಿಡಿದು, ಇನ್ನೊಂದು ಕೈಬೆರಳಿನಿಂದ ಅದರ ಮೇಲೆ ಬರೆದು ತೋರಿಸಿದ. ಹೂ ಕಟ್ಟುವ ಹೆಂಗಸನ್ನು ಕೇಳಿದಳು. ಅವಳು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಹೆಸರು ಹೇಳಿದಳು. ಬದುವಿನ ಮೇಲಿಂದ ಶಾಮಲಮ್ಮನಿಗೆ ಮಾತು ಕೇಳಿಸುತ್ತಿರಲಿಲ್ಲ. ಒಬ್ಬೊಬ್ಬರೂ ಮೇಘನಳ ಎದುರು ಸ್ವಲ್ಪ ನೆಟ್ಟಗಾಗುತ್ತಿದ್ದುದು ಮಾತ್ರ ಕಾಣುತ್ತಿತ್ತು.

ಅವಳು ವಾಪಸು ಬಂದಾಗ ಕೆನ್ನೆಯ ಮೇಲೆ ನೀರಿತ್ತು, ಕಣ್ಣಲ್ಲಿ ಬೆಳಕಿತ್ತು.

“ಅಮ್ಮಾ, ನನ್ನ ಲೆಕ್ಕವೆಲ್ಲ ಮುರಿದುಬಿತ್ತು. ಸರ್ ಸಂಬಂಧಿಕರಿಗೆ ಸಂಬಂಧ ಬರ್ಕೊಂಡ್ರು. ಸಂಬಂಧ ಇಲ್ಲದವರಿಗೆ ಏನು ಬರೀಬೇಕು ಅಂತ ಗೊತ್ತಾಗದೆ ಹೆಸರು ಕೇಳಿದ್ರು. ತಾವು ಬರೀ ನೋಡಿ ಬರ್ಕೋತಿದ್ದೀವಿ ಅಂದ್ಕೊಂಡಿದ್ರು.”

ಶಾಮಲಮ್ಮ ಹೊಸ ಮಣ್ಣಿನ ಕಡೆ ನೋಡಿದರು. ಗಂಡನ ಕೈಯಲ್ಲಿ ಆ ಪೆನ್ನನ್ನು ಅವರು ಎಷ್ಟು ಸಲ ನೋಡಿರಲಿಲ್ಲ! ಅದು ಕೆಲಸ ಮಾಡುತ್ತಿದ್ದುದನ್ನು ಇಬ್ಬರೂ ಕಂಡಿರಲಿಲ್ಲ.

“ನಡಿ,” ಎಂದರು. “ಹೊತ್ತಾಯ್ತು. ಬರಿ.”

* * *

ಹೋಳೂರಿನಲ್ಲಿ ನೆಟ್‌ವರ್ಕು ಗಟ್ಟಿಯಾಗಿ ಸಿಗುವುದು ಹಾಲಿನ ಡೈರಿಯ ಹತ್ತಿರ. ಸಂಜೆಯ ಹಾಲಿಗೆ ಆಗಲೇ ಸಾಲು ನಿಂತಿತ್ತು. ಮಣ್ಣಿನಿಂದ ನೇರ ಬಂದವರು ಸ್ನಾನವಿಲ್ಲದೆ ಒಳಗೆ ಹೋಗುವಂತಿಲ್ಲವೆಂದು ಶಾಮಲಮ್ಮ ಹೊರಗಿನ ಕಲ್ಲುಚಪ್ಪಡಿಯ ಮೇಲೆ ಕೂತರು. ಪಕ್ಕದಲ್ಲಿ ಮೇಘನ ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದಳು. ಚಂದನ ತನ್ನ ಫೋನಿನಿಂದ ಸಂಪರ್ಕ ಕೊಟ್ಟು, ಪರದೆಗೆ ಬಿಸಿಲು ಬೀಳದಂತೆ ಸೆರಗು ಹಿಡಿದು ನಿಂತಳು.

ಮೊದಲು ವಿಧಾನಕ್ಕೆ ಹೋದಳು ಮೇಘನ. ‘ದಾಖಲಿಸಲಾಯಿತು’ ಎಂಬುದನ್ನು ತೆಗೆದು ಡಾಕ್ಟರ ಮೊದಲ ಪ್ರತಿಯ ಮಾತನ್ನೇ ಇಟ್ಟಳು: ನಾನು ಕೇಳಿ ಬರೆದುಕೊಂಡೆ. ಆಮೇಲೆ ತೀರ್ಮಾನ. ಅವಳು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಬರೆದಳು. ಶಾಮಲಮ್ಮ ಎಂದಿನಂತೆ ದಂಟು ಕಿತ್ತರು. ಕೊನೆಗೆ ಉಳಿದದ್ದು ಇಷ್ಟು: ಹೆಸರು ಕೇಳಿ ಬರೆದುಕೊಂಡದ್ದೇ ಜೊತೆಗೆ ಬಂದವರನ್ನು ಮತ್ತೆ ಮತ್ತೆ ಕರೆತಂದಿರಬಹುದು. ಮೊದಲ ಲೇಖಕರಿಗೆ ಇದು ತಿಳಿದಿರಲಿಲ್ಲ. ಅವರ ಮರಣದ ನಂತರ, ಜೊತೆಗೆ ಬಂದವರ ಮಾತಿನಿಂದ ಈ ತೀರ್ಮಾನವನ್ನು ಸೇರಿಸಲಾಗಿದೆ.

“ಪದ ಜಾಸ್ತಿಯಾಯ್ತು,” ಎಂದಳು ಮೇಘನ. ಒಂದು ಗಳಿಗೆ ಮೇಲಿನ ಸಾಲುಗಳನ್ನು ನೋಡಿ, ತಾನು ವಾರಗಟ್ಟಲೆ ಕೂತು ಮಾಡಿದ್ದ ಲೆಕ್ಕದ ಒಂದು ಉದ್ದ ಸಾಲನ್ನು ಅಳಿಸಿದಳು. “ಈಗ ಸರಿಯಾಯ್ತು.”

“ತಗೊಳ್ತಾರಾ ಇದನ್ನ?”

“ಗೊತ್ತಿಲ್ಲಮ್ಮ. ಆದ್ರೆ ಸರ್ ಇದಕ್ಕೆ ತಲೆ ಅಲ್ಲಾಡಿಸ್ತಿರಲಿಲ್ಲ.”

ಅಷ್ಟರಲ್ಲಿ ದೂರದಿಂದ ಚನ್ನರಾಯಪ್ಪ ಬರುವುದು ಕಾಣಿಸಿತು. ಬೀಸು ಹೆಜ್ಜೆ, ಕೈಯಲ್ಲಿ ಏನೋ ಹೊಳೆಯುತ್ತಿತ್ತು. ಚಂದನ ಸೆರಗನ್ನು ಇನ್ನಷ್ಟು ಮುಂದಕ್ಕೆ ಹಿಡಿದಳು. ಅವರು ಬಂದು ಎದುರಿಗೆ ನಿಂತರು. ಹಿತ್ತಾಳೆ ಚೊಂಬಿನ ತುಂಬ ನೀರಿತ್ತು.

“ಅಕ್ಕಯಮ್ಮ ಎಲ್ಲ ಹೇಳಿದ್ಳು,” ಎಂದರು. “ಕಾಲು ನೀಡಮ್ಮ. ಇಲ್ಲೇ ತೊಳ್ಕೊಂಡುಬಿಡು. ಆಮೇಲೆ ಅದೇನು ಒತ್ತಬೇಕೋ ಒತ್ತಿ. ನಾನು ಆ ಕಡೆ ತಿರುಗಿರ್ತೀನಿ, ನೋಡಿದ್ದೀನಿ ಅಂತ ಯಾರೂ ಅನ್ನಬಾರ್ದು.”

ತಮ್ಮನ ಹೆಂಡತಿಯ ಪಾದಕ್ಕೆ ನೀರು ಹೊಯ್ದು ಅವರು ನಿಜವಾಗಿಯೂ ರಸ್ತೆಯ ಕಡೆ ತಿರುಗಿ ನಿಂತರು. ಮೇಘನ ಒತ್ತಿದಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗಿತು, ತಿರುಗುತ್ತಲೇ ಇತ್ತು. ಹಾಲಿನ ಸಾಲಿನವರು, ಏನೆಂದು ತಿಳಿಯದಿದ್ದರೂ, ಮಾತು ನಿಲ್ಲಿಸಿದ್ದರು.

“ಹೋಯ್ತು,” ಎಂದಳು ಮೇಘನ.

“ಹೋಯ್ತಂತಾ?” ಎಂದು ಚನ್ನರಾಯಪ್ಪ ತಿರುಗದೆಯೇ ಕೇಳಿದರು. ಅವರ ಭುಜಗಳು ಅಲುಗುತ್ತಿದ್ದವು. ಚಂದನ ಹೋಗಿ ದೊಡ್ಡಪ್ಪನ ಬೆನ್ನ ಮೇಲೆ ಕೈಯಿಟ್ಟಳು. ಮೇಘನ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಬಸ್ ನಿಲ್ದಾಣದ ದಾರಿಯಲ್ಲಿ ಮಣ್ಣಿಗೆ ಬಂದವರು ವಾಪಸಾಗುತ್ತಿದ್ದರು. ಸಾವಿನ ಮನೆಯಲ್ಲಿ ಬರ್ತೀವಿ ಎನ್ನಬಾರದಲ್ಲ, ಯಾರೂ ಏನೂ ಹೇಳಲಿಲ್ಲ. ಶಾಮಲಮ್ಮ ಏಳಲು ಹೋದರು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಒಂದು ಕಡೆಗೆ ವಾಲಿದರು. ಸಾಲಿನ ಹಿಂಬದಿಯಲ್ಲಿದ್ದ ಒಬ್ಬ ಹೆಂಗಸು ತನ್ನ ಕ್ಯಾನನ್ನು ನೆಲಕ್ಕಿಟ್ಟು ಬಂದು ಅವರ ಮೊಣಕೈ ಹಿಡಿದುಕೊಂಡಳು.

“ನಿಧಾನ ತಾಯಿ. ಮನೆ ತನಕ ನಾನು ಬರ್ತೀನಿ.”

ಶಾಮಲಮ್ಮ ಅವಳನ್ನು ಹಿಂದೆ ನೋಡಿರಲಿಲ್ಲ. ನಾಲ್ಕು ಹೆಜ್ಜೆ ನಡೆದು ನಿಂತರು.

“ನಿನ್ನ ಹೆಸರೇನಮ್ಮ?”

ಆಕೆ ಸೆರಗು ಸರಿಮಾಡಿಕೊಂಡು ಹೆಸರು ಹೇಳಿದಳು. ಇಬ್ಬರೂ ಮುಂದೆ ನಡೆದರು. ಹಿಂದೆ ಡೈರಿಯ ಸಾಲಿನಲ್ಲಿ, ಒಬ್ಬರ ಹಾಲು ಅಳೆದಾದಾಗಲೆಲ್ಲ, ಅವಳ ಹಿಂದಿದ್ದವರು ಬಾಗಿ, ಯಾರೂ ಹಿಡಿದಿರದ ಆ ಕ್ಯಾನನ್ನು ತುಳುಕದಂತೆ ಎತ್ತಿ ಒಂದೊಂದೇ ಹೆಜ್ಜೆ ಮುಂದಕ್ಕೆ ಇಡುತ್ತಿದ್ದರು.